‘ವ’ ಒತ್ತಿದ್ರೆ ಮಂಜಪ್ಪ

ಹೋದ ದೀಪಾವಳಿಗೆ ಊರಿಗೆ ಹೋಗಿದ್ದೆ. ಲಕ್ಷ್ಮೀಪೂಜೆಗೆ ಎರಡು ದಿನ ಇರೋವಾಗ ಚನ್ನಗಿರಿಯ ಒಂದು ಅಡಿಕೆ ಮಂಡಿಯಿಂದ ಫೋನ್ ಬಂತು. ಸಾಹುಕಾರ್ರು ನಮ್ಮಪ್ಪನ ಕಾಲದ ಸ್ನೇಹಿತರು. “ಏನಪ್ಪ, ಬೆಂಗಳೂರಾಗೆ ಕಂಪ್ಯೂಟರ್ ಕೆಲ್ಸ ಮಾಡ್ತೀಯಲ್ಲ, ಒಂದೀಟು ಬಂದು ನೋಡು. ಹೊಸ ಮಿಷನ್ ತಂದೀವಿ, ಹಳೇ ಲೆಕ್ಕ ಓಪನ್ನೇ ಆಗ್ತಿಲ್ಲ” ಅಂದ್ರು. ವಿಂಡೋಸ್ 10ಕ್ಕೆ ಕಂಪನಿಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿತ್ತು. ಹಳೇದನ್ನ ಇಟ್ಕೊಂಡ್ರೆ ವೈರಸ್ ಬರುತ್ತೆ ಅಂತ ಯಾರೋ ಹೇಳಿದ್ರಂತೆ, ಇವರು ಹೊಸದು ಕೊಂಡಿದ್ದರು.

ಹೋಗಿ ನೋಡಿದೆ. ಸಾಫ್ಟ್‌ವೇರ್ 2002ರದ್ದು. ವಿಷುಯಲ್ ಬೇಸಿಕ್ 6ರಲ್ಲಿ ಬರೆದದ್ದು. ಪರದೆ ಮೇಲೆ ಪಟ್ಟಿ ತೋರಿಸುವ ಒಂದು ಓಸಿಎಕ್ಸ್ ಫೈಲ್ ಹೊಸ ಕಂಪ್ಯೂಟರಿನಲ್ಲಿ ಇರಲಿಲ್ಲ, ಅಷ್ಟೇ. ಹಳೇದರಿಂದ ಕಾಪಿ ಮಾಡಿ ರಿಜಿಸ್ಟರ್ ಮಾಡಿದೆ. ಹತ್ತು ನಿಮಿಷದ ಕೆಲಸ. ಬೂದು ಬಣ್ಣದ ಕಿಟಕಿ ಎದ್ದು ಬಂತು: ಬೆಳೆಗಾರನ ಹೆಸರು, ಊರು, ತಾಲ್ಲೂಕು, ಚೀಲ, ತೂಕ, ಹಮಾಲಿ, ಮುಂಗಡ, ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಆರಿಸೋಕೆ ಒಂದು ಪಟ್ಟಿ. ಸಾಹುಕಾರ್ರು ಕೈ ಮುಗಿದರು. ನಂಗೂ ಹೆಮ್ಮೆ ಆಯ್ತು. ಕಾಫಿ ಬಂತು.

ಕಾಫಿ ಕುಡಿಯುವಾಗ ಅವರು ಇನ್ನೊಂದು ಮಾತು ಹೇಳಿದ್ರು. “ಹಂಗೇ ಈ ಬೆಳೆಗಾರರ ಪಟ್ಟಿ ಎಕ್ಸೆಲ್‌ಗೆ ಹಾಕಿಕೊಡಪ್ಪ, ಆಡಿಟರ್ ಕೇಳ್ತಾರೆ.” ಹಾಕಿದೆ. ಒಂದು ಹೆಸರೂ ಓದೋಕೆ ಬರಲಿಲ್ಲ. ಆ ಪಟ್ಟಿ ಸರಿ ಮಾಡೋಕೆ ನಂಗೆ ಮೂರು ವಾರದ ಸಂಜೆಗಳು ಹಿಡಿದವು. ಹತ್ತು ನಿಮಿಷ ಮತ್ತು ಮೂರು ವಾರ, ಈ ಎರಡರ ನಡುವಿನ ವ್ಯತ್ಯಾಸದಲ್ಲಿ ನಮ್ಮ ವೃತ್ತಿಯ ಬಗ್ಗೆ ಹೇಳಲೇಬೇಕಾದ ಕೆಲವು ಮಾತುಗಳಿವೆ ಅನ್ನಿಸಿತು.

ನೀವು ಚಿಕ್ಕವರಾದರೆ ವಿಷುಯಲ್ ಬೇಸಿಕ್ ಅಂದ್ರೆ ನಗಬಹುದು. ನಿಮ್ಮ ದುಃಖಗಳು ಬೇರೆ: ಪೈಥಾನ್ 2 ನಿಂತಿದ್ದು 2020ರ ಜನವರಿ 1ಕ್ಕೆ, ಆಟಮ್ ಎಡಿಟರ್ ಬಾಗಿಲು ಹಾಕಿದ್ದು 2022ರ ಡಿಸೆಂಬರ್ 15ಕ್ಕೆ. ನಮ್ಮ ಪಾಲಿಗೆ ಮೊದಲ ಸಾವು ವಿಬಿ ಸಿಕ್ಸ್. ಮೊದಲ ವಿಷುಯಲ್ ಬೇಸಿಕ್ ಬಂದಿದ್ದು 1991ರಲ್ಲಿ, ಆರನೇದು 1998ರಲ್ಲಿ. ಬಟನ್ ಎಳೆದು ಫಾರ್ಮ್ ಮೇಲೆ ಇಡು, ಎರಡು ಸಲ ಕ್ಲಿಕ್ ಮಾಡು, ಅದನ್ನು ಒತ್ತಿದಾಗ ಏನಾಗಬೇಕೋ ಅಲ್ಲಿ ಬರೆ. ಅಷ್ಟೇ. ಮೆಮೊರಿ, ಪಾಯಿಂಟರ್ ಅಂತ ತಲೆ ಕೆಡಿಸ್ಕೊಳ್ಳೋ ಹಾಗಿಲ್ಲ. ಕಂಪ್ಯೂಟರ್ ಸೈನ್ಸ್ ಓದದವರೂ ಕೆಲಸಕ್ಕೆ ಬರೋ ಪ್ರೋಗ್ರಾಂ ಬರೆಯಬಹುದು ಅಂತ ತೋರಿಸಿಕೊಟ್ಟ ಟೂಲ್ ಅದು.

ನಂಗೆ ಅದನ್ನ ಕಲಿಸಿದವರು ಹೊನ್ನಾಳಿಯಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟುಕೊಂಡಿದ್ದ ಒಬ್ಬ ಮೇಷ್ಟ್ರು. ಓದಿದ್ದು ಬಿಕಾಂ. ಟೈಪಿಂಗ್ ಇನ್‌ಸ್ಟಿಟ್ಯೂಟ್‌ಗಳೆಲ್ಲ ಕಂಪ್ಯೂಟರ್ ಸೆಂಟರ್ ಆಗುತ್ತಿದ್ದ ಕಾಲ. ಬೆಳಗ್ಗೆ ಹುಡುಗರಿಗೆ ಟ್ಯಾಲಿ, ಡಿಟಿಪಿ ಹೇಳಿಕೊಡೋರು. ಮಧ್ಯಾಹ್ನ ಬಸ್ ಹತ್ತಿ ತಮ್ಮ ಸಾಫ್ಟ್‌ವೇರ್ ಇರೋ ಕಡೆ ಹೋಗೋರು. ಚನ್ನಗಿರಿಯಲ್ಲಿ ಅಡಿಕೆ ಮಂಡಿ, ಹೊನ್ನಾಳಿಯಲ್ಲಿ ಗೊಬ್ಬರದ ಅಂಗಡಿ, ನ್ಯಾಮತಿಯಲ್ಲಿ ಒಂದು ಪತ್ತಿನ ಸಂಘ, ಜಗಳೂರಲ್ಲಿ ಮೆಕ್ಕೆಜೋಳದ ವ್ಯಾಪಾರಿ. ಒಂದೇ ಪ್ರೋಗ್ರಾಂ ನಾಲ್ಕು ಊರಿಗೆ ನಾಲ್ಕು ಥರ. ಅಡಿಕೆಯ ಜಾಗದಲ್ಲಿ ಯೂರಿಯಾ, ಯೂರಿಯಾ ಜಾಗದಲ್ಲಿ ಷೇರುದಾರರು. ಸೆಮಿನಾರ್‌ಗಳಲ್ಲಿ ನಾವು ‘ಡೊಮೇನ್ ನಾಲೆಡ್ಜ್’ ಅಂತೀವಲ್ಲ, ಅದು ಅವರಿಗೆ ಮಂಡಿ ಮೆಟ್ಟಿಲ ಮೇಲೆ ಹಮಾಲರ ಜೊತೆ ಕೂತು ಸಿಕ್ಕಿದ್ದು.

ಇನ್ನು ದಿನಾಂಕಗಳ ವಿಷಯಕ್ಕೆ ಬರ್ತೀನಿ. ವಿಬಿ 6ರ ಮುಖ್ಯ ಬೆಂಬಲ ಮುಗಿದಿದ್ದು 2005ರ ಮಾರ್ಚ್ 31ಕ್ಕೆ. ಮಾರನೇ ದಿನ, ಏಪ್ರಿಲ್ 1ಕ್ಕೆ, ಕರ್ನಾಟಕದಲ್ಲಿ ವ್ಯಾಟ್ ಜಾರಿಗೆ ಬಂತು. ರಾಜ್ಯದ ಪ್ರತಿ ವ್ಯಾಪಾರಿಯ ಬಿಲ್ಲಿನ ಲೆಕ್ಕ ಬದಲಾಗಬೇಕಿದ್ದ ದಿನದ ಹಿಂದಿನ ದಿನವೇ, ಆ ಬಿಲ್ ಬರೆಯುವ ಟೂಲಿಗೆ ಅದರ ಕಂಪನಿ ಮುಖ್ಯ ಬೆಂಬಲ ನಿಲ್ಲಿಸಿತು! ಇದರಲ್ಲಿ ಯಾರ ಸಂಚೂ ಇಲ್ಲ. ರೆಡ್ಮಂಡ್‌ನಲ್ಲಿ ಕೂತವರಿಗೆ ನಮ್ಮ ವ್ಯಾಟ್ ಗೊತ್ತಿರಬೇಕು ಅಂತ ಯಾರೂ ಕೇಳಲ್ಲ. ಆದರೆ ಒಬ್ಬರ ಕ್ಯಾಲೆಂಡರ್ ಇನ್ನೊಬ್ಬರ ಕ್ಯಾಲೆಂಡರಿಗೆ ಎಷ್ಟು ಕುರುಡು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನಂಗೆ ಸಿಕ್ಕಿಲ್ಲ. ಮೇಷ್ಟ್ರು ಆ ವಾರ ನಾಲ್ಕೂ ಊರು ಸುತ್ತಿದರು. ಬೆಂಬಲ ಕೊಟ್ಟವರು ಅವರು. ಕಂಪನಿ ಬೆಂಬಲ ಮುಗಿಸಿದೆ ಅನ್ನೋ ಸುದ್ದಿ ಅವರಿಗೆ ಗೊತ್ತಾಗಿದ್ದೇ ಎಷ್ಟೋ ತಿಂಗಳ ಮೇಲೆ.

ಜಗತ್ತಿನ ಬೇರೆ ಕಡೆ ಗಲಾಟೆ ಜೋರಾಗೇ ಆಯ್ತು. ಮೈಕ್ರೋಸಾಫ್ಟ್ ತಾನೇ ಎಂವಿಪಿ ಅಂತ ಗೌರವ ಕೊಟ್ಟಿದ್ದ ಪರಿಣತರೇ 2005ರ ಮಾರ್ಚ್‌ನಲ್ಲಿ ಮನವಿಗೆ ಸಹಿ ಹಾಕಿದರು. ಹಳೇ ವಿಬಿಯನ್ನು ಸಾಯಿಸಬೇಡಿ, ಡಾಟ್‌ನೆಟ್ ಪಕ್ಕದಲ್ಲೇ ಅದನ್ನೂ ಬೆಳೆಸಿ ಅಂತ ಕೇಳಿಕೊಂಡರು. ಅವರ ಕೋಪಕ್ಕೆ ಕಾರಣ ಇತ್ತು. 2002ರಲ್ಲಿ ಬಂದ ವಿಬಿ ಡಾಟ್‌ನೆಟ್ ಹೆಸರಿಗೆ ಮಾತ್ರ ತಮ್ಮ, ರಕ್ತಸಂಬಂಧ ಕಮ್ಮಿ. ವೇರಿಯಂಟ್ ಹೋಯ್ತು, ಇಂಟಿಜರ್‌ನ ಅಳತೆಯೇ 16 ಬಿಟ್‌ನಿಂದ 32ಕ್ಕೆ ಬದಲಾಯ್ತು. ಹಳೇ ಕೋಡನ್ನು ಹೊಸದಕ್ಕೆ ದಾಟಿಸೋ ವಿಝಾರ್ಡ್ ಒಂದನ್ನು ಕೊಟ್ಟರು. ಅದು ದಾಟಿಸಿದ ಮೇಲೆ ಉಳಿಯುತ್ತಿದ್ದ ರಿಪೇರಿ ಕೆಲಸಕ್ಕಿಂತ ಹೊಸದಾಗಿ ಬರೆಯೋದೇ ಎಷ್ಟೋ ಸಲ ಹಗುರ. ಮನವಿಯಿಂದ ಕಂಪನಿಯ ಮನಸ್ಸು ಬದಲಾಗಲಿಲ್ಲ. 2008ರ ಏಪ್ರಿಲ್ 8ಕ್ಕೆ ವಿಸ್ತರಿಸಿದ ಬೆಂಬಲವೂ ಮುಗೀತು.

ಇಲ್ಲಿವರೆಗಿನ ಕಥೆ ನಮ್ಮಲ್ಲಿ ಎಲ್ಲರೂ ಹೇಳೋದೇ. ದೊಡ್ಡ ಕಂಪನಿ, ಸಣ್ಣ ಪ್ರೋಗ್ರಾಮರ್, ದ್ರೋಹ. ನಾನೂ ಬಹಳ ವರ್ಷ ಇದನ್ನೇ ಹೇಳಿಕೊಂಡು ತಿರುಗಿದೆ. ಈ ಅಳುವಿನಲ್ಲಿ ಮೂರು ದೋಷ ಇದೆ ಅಂತ ಈಗ ನಂಗನ್ನಿಸುತ್ತೆ.

ಮೊದಲನೇದು, ಟೂಲಿನ ಸಾವು ಮತ್ತು ಕೆಲಸದ ಸಾವು ಎರಡನ್ನೂ ನಾವು ಒಂದೇ ಅಂದ್ಕೊಂಡ್ವಿ. ಬರೆಯುವ ಸಾಧನ ನಿಂತಿತು ನಿಜ. ಆದರೆ ಬರೆದ ಪ್ರೋಗ್ರಾಂ ಓಡಿಸಲು ಬೇಕಾದ ರನ್‌ಟೈಮನ್ನು ಮೈಕ್ರೋಸಾಫ್ಟ್ ವಿಂಡೋಸ್ ಜೊತೆಗೇ ಕೊಡುತ್ತಾ ಬಂತು, ವಿಂಡೋಸ್ 11ರಲ್ಲೂ ಇದೆ. ಚನ್ನಗಿರಿಯಲ್ಲಿ ನನ್ನ ಹತ್ತು ನಿಮಿಷದ ಪವಾಡಕ್ಕೆ ಅದೇ ಕಾರಣ. ಇಷ್ಟು ನಿಯತ್ತನ್ನು ಇವತ್ತಿನ ಟೂಲ್‌ಗಳು ತೋರಿಸಲ್ಲ. ಎರಡು ವರ್ಷದ ಹಿಂದೆ ಬರೆದ ನಿಮ್ಮ ಫ್ರಂಟ್‌ಎಂಡ್ ಪ್ರಾಜೆಕ್ಟನ್ನು ಇವತ್ತು ಹೊಸ ಲ್ಯಾಪ್‌ಟಾಪಿನಲ್ಲಿ ಬಿಲ್ಡ್ ಮಾಡಿ ನೋಡಿ, ಆಮೇಲೆ ವಿಬಿ ಬಗ್ಗೆ ನಗಿ.

ಎರಡನೇದು ಹೇಳೋಕೆ ಸ್ವಲ್ಪ ಕಷ್ಟ. ನಾವು ಅತ್ತಿದ್ದು ನಮಗೆ ಯಾವತ್ತೂ ಪೂರ್ತಿ ಸಿಗದೇ ಇದ್ದ ಬೆಂಬಲಕ್ಕೆ. ವಿಬಿ 6 ಒಳಗಡೆ ಅಕ್ಷರಗಳನ್ನು ಯೂನಿಕೋಡ್‌ನಲ್ಲೇ ಇಟ್ಟುಕೊಳ್ಳುತ್ತೆ. ಆದರೆ ಅದರ ಜೊತೆ ಬರುವ ಟೆಕ್ಸ್ಟ್ ಬಾಕ್ಸ್, ಲೇಬಲ್‌ಗಳು ಪರದೆಗೆ ತರುವಾಗ ಹಳೇ ಕೋಡ್‌ಪೇಜಿಗೆ ಇಳಿಸಿಬಿಡುತ್ತವೆ. ರಷ್ಯನ್ನಿಗೆ ಅಂಥ ಕೋಡ್‌ಪೇಜ್ ಇತ್ತು, ಅರಬ್ಬಿಗೆ ಇತ್ತು, ಥಾಯ್ ಭಾಷೆಗೂ ಇತ್ತು. ಕನ್ನಡಕ್ಕೆ ಇರಲಿಲ್ಲ. ಈಗಲೂ ಒಂದು ವಿಬಿ 6 ಟೆಕ್ಸ್ಟ್ ಬಾಕ್ಸಿಗೆ ಯೂನಿಕೋಡ್ ಕನ್ನಡ ಪೇಸ್ಟ್ ಮಾಡಿ ನೋಡಿ, ಸಾಲಾಗಿ ಪ್ರಶ್ನಾರ್ಥಕ ಚಿಹ್ನೆ ಬರುತ್ತವೆ. ಕನ್ನಡ ಯೂನಿಕೋಡ್‌ನೊಳಗೆ ಇದ್ದಿದ್ದು 1991ರಿಂದ, ಅಂದ್ರೆ ವಿಷುಯಲ್ ಬೇಸಿಕ್ ಹುಟ್ಟಿದ ವರ್ಷದಿಂದಲೇ. ಏಳು ವರ್ಷ ಕಳೆದು ಬಂದ ಆರನೇ ಆವೃತ್ತಿಗೂ ಅದು ಬೇಕು ಅನ್ನಿಸಿರಲಿಲ್ಲ. ಬಳಸುದಾರಿಗಳಿದ್ದವು ನಿಜ, ಹೊನ್ನಾಳಿಯ ಬಿಕಾಂ ಮೇಷ್ಟ್ರಿಗೆ ಅವು ಗೊತ್ತಾಗೋ ಹಾಗಿರಲಿಲ್ಲ.

ಹಾಗಾಗಿ ಮೇಷ್ಟ್ರು, ಆಗಿನ ಎಲ್ಲರ ಹಾಗೆ, ವೇಷ ಹಾಕಿಸಿದರು. ಒಂದು ಹಳೇ ಕನ್ನಡ ಫಾಂಟ್. ಒಳಗೆ ಇಂಗ್ಲಿಷ್ ಅಕ್ಷರ, ಕಣ್ಣಿಗೆ ಕನ್ನಡ. ಆ ಫಾಂಟಿನಲ್ಲಿ ‘ಕನ್ನಡ’ ಅನ್ನೋ ಪದ ದೊಡ್ಡಕ್ಷರದ ‘ಪಿ’ಯಿಂದ ಶುರುವಾಗುತ್ತೆ. ಫಾಂಟ್ ಬದಲಾಯಿಸಿದ ತಕ್ಷಣ ವೇಷ ಕಳಚಿ ಬೀಳುತ್ತೆ. ಎಕ್ಸೆಲ್‌ನಲ್ಲಿ ನಂಗೆ ಕಂಡಿದ್ದು ಅದೇ. ನೆನಪಿಡಿ, ಇದು ಮೇಷ್ಟ್ರ ತಪ್ಪಲ್ಲ. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಅವು ಇಲ್ಲದಿದ್ದರೆ ಕನ್ನಡದಲ್ಲಿ ಕಂಪ್ಯೂಟರ್ ಕೆಲಸ ಆಗ್ತಾನೇ ಇರಲಿಲ್ಲ. ದೊಡ್ಡ ಕಂಪನಿಗಳು ಕೊಡದೇ ಇದ್ದದ್ದನ್ನ ನಮ್ಮವರು ಕೈಲಾದ ಹಾಗೆ ಮಾಡಿಕೊಂಡರು. ಆದರೆ ಅದಕ್ಕೊಂದು ಬೆಲೆ ಇತ್ತು, ಆ ಬೆಲೆಯ ಬಿಲ್ ಈಗ ಬರ್ತಾ ಇದೆ.

ಬಿಲ್ ಹೇಗಿರುತ್ತೆ ಅಂತ ಹೇಳ್ತೀನಿ. ಆ ಫಾಂಟಿನಲ್ಲಿ ‘ಮ’ ಅನ್ನೋದು ಸ್ವತಂತ್ರ ಅಕ್ಷರವೇ ಅಲ್ಲ, ‘ವ’ಕ್ಕೆ ಒಂದು ಬಾಲ ಸೇರಿಸಿದರೆ ‘ಮ’. ನೋಡೋಕೆ ಸರಿ, ಹುಡುಕೋಕೆ ಹೋದರೆ ಕಥೆ ಬೇರೆ. ಮಂಡಿಯ ಪ್ರೋಗ್ರಾಮಿನಲ್ಲಿ ‘ವ’ ಒತ್ತಿದರೆ ವನಜಾಕ್ಷಮ್ಮನ ಜೊತೆ ಮಂಜಪ್ಪನೂ ಬರ್ತಾನೆ. ಗುಮಾಸ್ತರಿಗೆ ಇದು ರೂಢಿಯಾಗಿಹೋಗಿದೆ. ಅಷ್ಟಕ್ಕೇ ಮುಗಿದಿದ್ದರೆ ತಮಾಷೆ. ಆದರೆ ಮಂಜಪ್ಪ (ಹೆಸರು ಬದಲಿಸಿದ್ದೀನಿ) ಪಟ್ಟಿಯಲ್ಲಿ ಎರಡು ಸಲ ಇದ್ದ. ಒಬ್ಬ ಗುಮಾಸ್ತ ಸೊನ್ನೆಯನ್ನು ಅನುಸ್ವಾರದ ಕೀಲಿ ಒತ್ತಿ ಹಾಕಿದ್ದ, ಇನ್ನೊಬ್ಬ ಅಂಕಿಯ ಸೊನ್ನೆ ಹಾಕಿದ್ದ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಇಬ್ಬರು ಬೇರೆ ಬೇರೆ ಮನುಷ್ಯರು. ಒಂದು ಖಾತೆಯಲ್ಲಿ ಮಂಜಪ್ಪ ತಗೊಂಡ ಮುಂಗಡ, ಅದರ ಮೇಲೆ ವರ್ಷವರ್ಷದ ಬಡ್ಡಿ. ಇನ್ನೊಂದು ಖಾತೆಯಲ್ಲಿ ಅದೇ ಮಂಜಪ್ಪ ಹಾಕಿದ ಅಡಿಕೆಯ ಜಮಾ. ಮೂರು ವಾರದ ಕೊನೆಗೆ ಪಟ್ಟಿ ಯೂನಿಕೋಡ್‌ಗೆ ಬಂದು, ಸೊನ್ನೆಗಳು ಒಂದಾಗಿ, ಎರಡು ಹೆಸರು ಅಕ್ಕಪಕ್ಕ ನಿಂತಾಗ ನಂಗೆ ಖುಷಿಯಾಗಲಿಲ್ಲ, ಹೊಟ್ಟೆಯೊಳಗೆ ಏನೋ ಆಯ್ತು. ಫೋನ್ ಮಾಡಿದೆ. ಸಾಹುಕಾರ್ರು ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, “ಆವಯ್ಯ ಪ್ರತಿ ಸಲ ಹೇಳ್ತಿದ್ದ ಕಣಪ್ಪ, ನಾನು ಕಟ್ಟೀನಿ ಅಂತ. ಕಂಪ್ಯೂಟರ್ ಸುಳ್ಳು ಹೇಳುತ್ತೇನೋ ಅಂತ ನಾವೇ ಬೈತಿದ್ವಿ” ಅಂದ್ರು.

ವಿಬಿ ಸತ್ತಾಗ ಮನವಿ ಬರೆದವರಿಗೆ ಮಂಜಪ್ಪನ ವಿಷಯ ಗೊತ್ತಿರಲಿಲ್ಲ. ಆದರೆ ಗೊತ್ತಿರಬೇಕಿದ್ದ ನಾವೂ ಮಂಜಪ್ಪನಿಗಾಗಿ ಒಂದು ಮನವಿ ಬರೆಯಲಿಲ್ಲವಲ್ಲ?

ಮೂರನೇ ದೋಷ ಇನ್ನೂ ಹತ್ತಿರದ್ದು. ಬೆಂಬಲ ಅಂದ್ರೆ ಕಂಪನಿ ಕೊಡೋದು ಅಂತಲೇ ನಾವು ಮಾತಾಡ್ತೀವಿ. ಮಂಡಿ ಪ್ರೋಗ್ರಾಮಿನಲ್ಲಿ ತಾಲ್ಲೂಕಿನ ಪಟ್ಟಿ ಕೋಡ್ ಒಳಗೇ ಬರೆದಿಟ್ಟದ್ದು. 2002ರಲ್ಲಿ ನ್ಯಾಮತಿ ಇನ್ನೂ ಹೊನ್ನಾಳಿ ತಾಲ್ಲೂಕಿನಲ್ಲೇ ಇತ್ತು. 2018ರಲ್ಲಿ ಬೇರೆ ತಾಲ್ಲೂಕಾಯ್ತು. ಪ್ರೋಗ್ರಾಮಿನಲ್ಲಿ ಆಗಲಿಲ್ಲ. ಸೇರಿಸೋಕೆ ಸೋರ್ಸ್ ಕೋಡ್ ಬೇಕು. ಅದು ಮೇಷ್ಟ್ರ ಹತ್ತಿರ ಒಂದು ಹಾರ್ಡ್ ಡಿಸ್ಕಿನಲ್ಲಿತ್ತು, ಡಿಸ್ಕ್ ಹೋಯ್ತು. ಮೇಷ್ಟ್ರು ಸೆಂಟರ್ ಮುಚ್ಚಿ ಎಷ್ಟೋ ವರ್ಷವಾಯ್ತು. ಈಗ ತೋಟ ನೋಡ್ಕೊಂಡಿದ್ದಾರೆ.

ಅವರನ್ನು ದೂರೋಕೆ ನಂಗೆ ಯೋಗ್ಯತೆ ಇಲ್ಲ, ಯಾಕಂದ್ರೆ ನಾನೂ ಅದನ್ನೇ ಮಾಡಿದೆ. ಡಿಗ್ರಿ ಓದುವಾಗ ನ್ಯಾಮತಿಯ ಪತ್ತಿನ ಸಂಘಕ್ಕೆ ಬಡ್ಡಿ ಲೆಕ್ಕದ ಒಂದು ರಿಪೋರ್ಟ್ ಬರೆದುಕೊಟ್ಟಿದ್ದೆ. ನನ್ನ ಮೊದಲ ಸಂಪಾದನೆ, ಎಂಟುನೂರು ರೂಪಾಯಿ. ಬೆಂಗಳೂರಿಗೆ ಬಂದ ಮೇಲೆ ಕಾರ್ಯದರ್ಶಿಗಳು ಫೋನ್ ಮಾಡೋರು. ಮೊದಲು ಎತ್ತುತ್ತಿದ್ದೆ. ಆಮೇಲೆ ಮೀಟಿಂಗ್‌ನಲ್ಲಿದ್ದೀನಿ ಅಂದೆ. ಆಮೇಲೆ ನಂಬರೇ ಬದಲಾಯ್ತು. ನಾನು ಯಾವ ದಿನಾಂಕಕ್ಕೆ ಬೆಂಬಲ ನಿಲ್ಲಿಸಿದೆ ಅಂತ ಅವರಿಗೆ ಯಾರೂ ಹೇಳಲಿಲ್ಲ. ಮೈಕ್ರೋಸಾಫ್ಟ್ ಕನಿಷ್ಠ ತಾರೀಖು ಹಾಕಿ ವರ್ಷಗಳ ಮುಂಚೆ ಹೇಳಿತ್ತು. ನಾನು ಅಷ್ಟೂ ಮಾಡಲಿಲ್ಲ.

ಇದಕ್ಕೆ ಪ್ರತಿಯಾಗಿ ಭೂಮಿ ಯೋಜನೆ ನೋಡಿ. ನಮ್ಮ ಪಹಣಿಗಳನ್ನು ಕಂಪ್ಯೂಟರಿಗೆ ತಂದ ಆ ತಂತ್ರಾಂಶವನ್ನು ಎನ್‌ಐಸಿ ಬರೆದದ್ದು ಕೂಡ ವಿಷುಯಲ್ ಬೇಸಿಕ್‌ನಲ್ಲೇ, ಹಿಂದೆ ಎಸ್‌ಕ್ಯೂಎಲ್ ಸರ್ವರ್. 177 ತಾಲ್ಲೂಕು, ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿ. ಆಗ 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿ ಕಿಟಕಿಯಲ್ಲಿ ಪ್ರಿಂಟ್ ಸಿಗುತ್ತಿತ್ತು. ಚನ್ನಗಿರಿ, ಹೊನ್ನಾಳಿ, ಜಗಳೂರಿನ ರೈತರೂ ಆ ಕ್ಯೂನಲ್ಲಿ ನಿಂತವರೇ. ಆ ಟೂಲ್ ಸತ್ತರೂ ಪಹಣಿ ಸಾಯಲಿಲ್ಲ. ಈಗ ಮೊಬೈಲಿನಲ್ಲೇ ನೋಡಬಹುದು. ಭೂಮಿಯಲ್ಲಿ ದೋಷ ಇಲ್ಲ ಅಂತಲ್ಲ, ಪಹಣಿಯಲ್ಲಿ ಹೆಸರು ತಿದ್ದಿಸೋಕೆ ಅಲೆದವರನ್ನು ಕೇಳಿ. ಆದರೆ ಅದರ ಮಾಹಿತಿಗೆ ಒಬ್ಬ ವಾರಸುದಾರ ಇದ್ದ, ಅದನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ಸಾಗಿಸೋದು ಆತನ ಜವಾಬ್ದಾರಿ ಆಗಿತ್ತು. ಮಂಡಿಯ ಮಾಹಿತಿಗೆ ವಾರಸುದಾರರು ಸಾಹುಕಾರ್ರು, ಆದರೆ ಅವರ ಕೈಗೆ ನಾವು ಕೀಲಿ ಕೊಡಲೇ ಇಲ್ಲ. ಟೂಲ್ ಸತ್ತಾಗ ಏನು ಉಳಿಯುತ್ತೆ ಅನ್ನೋದನ್ನು ನಿರ್ಧರಿಸೋದು ಟೂಲ್ ಅಲ್ಲ, ಇದು.

ಹಾಗಂತ ಎಲ್ಲಾ ನಮ್ಮದೇ ತಪ್ಪು ಅಂತ ಎದೆ ಬಡ್ಕೊಳ್ಳೋದೂ ಬೇಡ. ಲಕ್ಷಾಂತರ ಜನರ ಹೊಟ್ಟೆಪಾಡು ನಿಂತಿರೋ ಒಂದು ಭಾಷೆಯನ್ನು ಬಿಟ್ಟುಬಿಡ್ತೀನಿ ಅನ್ನೋ ಕಂಪನಿ, ಅದರ ಸೋರ್ಸನ್ನಾದರೂ ಬಿಡುಗಡೆ ಮಾಡಲಿ ಅನ್ನೋ ವಾದ ಇವತ್ತಿಗೂ ನ್ಯಾಯವಾದದ್ದೇ. ಆಟಮ್ ನಿಂತರೂ ಅದರ ಕೋಡ್ ಎಲ್ಲರ ಕಣ್ಣೆದುರಿಗಿದೆ, ಬೇಕಾದವರು ಮುಂದುವರಿಸಬಹುದು. ವಿಬಿ 6ರದ್ದು ಇವತ್ತಿಗೂ ಬೀಗದೊಳಗಿದೆ. ನಾನು ಹೇಳೋದು ಇಷ್ಟೇ: ಆ ನ್ಯಾಯ ಕೇಳುವವನ ಸ್ವಂತ ಅಂಗಡಿಯಲ್ಲೂ ಅದೇ ನ್ಯಾಯ ನಡೀಬೇಕು.

ನಿಮ್ಮಲ್ಲಿ ಬಹಳ ಜನ ಊರಿನವರಿಗೆ ಸಣ್ಣಪುಟ್ಟ ಕೆಲಸ ಮಾಡಿಕೊಟ್ಟಿರ್ತೀರಿ. ಮಾವನ ಅಂಗಡಿಗೆ ಒಂದು ಆ್ಯಪ್, ದೇವಸ್ಥಾನದ ಸಮಿತಿಗೆ ಒಂದು ವೆಬ್‌ಸೈಟ್. ಹೊಸ ಭಾಷೆ, ಹೊಸ ಫ್ರೇಮ್‌ವರ್ಕ್. ಅದಕ್ಕೂ ಒಂದು ದಿನ ಬೆಂಬಲ ಮುಗಿಯುತ್ತೆ, ನಿಮ್ಮದೂ ಮುಗಿಯುತ್ತೆ. ಕೋಡನ್ನು ಒಂದು ಪೆನ್‌ಡ್ರೈವ್‌ನಲ್ಲಿ ಹಾಕಿ ಅವರ ಕೈಗೆ ಕೊಡಿ. ಹೆಸರುಗಳನ್ನು ಯೂನಿಕೋಡ್‌ನಲ್ಲಿ, ಸಾದಾ ಟೆಕ್ಸ್ಟ್ ಫೈಲಾಗಿ ತೆಗೆಯೋ ಒಂದು ಬಟನ್ ಇಡಿ. ನಾನು ಇನ್ನು ನೋಡ್ಕೊಳ್ಳೋಕಾಗಲ್ಲ ಅನ್ನೋದನ್ನು ಬಾಯಿಬಿಟ್ಟು, ತಾರೀಖು ಸಮೇತ ಹೇಳಿ. ಈ ಮೂರಕ್ಕೆ ಯಾವ ಡಿಗ್ರಿಯೂ ಬೇಡ.

ಡಿಸೆಂಬರ್‌ನಲ್ಲಿ ಮತ್ತೆ ಊರಿಗೆ ಹೋದಾಗ ಮೇಷ್ಟ್ರನ್ನು ನೋಡೋಕೆ ಹೋದೆ. ಮಂಜಪ್ಪನ ಕಥೆ ಹೇಳಿದೆ. ಅಡಿಕೆ ಸುಲಿಯೋರ ಮಧ್ಯೆ ಕೂತಿದ್ದರು. ಕೇಳಿ ಮುಗಿಸಿ, “ಆ ಸೊನ್ನೆಗೆ ನಾನೊಂದು ಚೆಕ್ ಹಾಕಬೇಕಿತ್ತು” ಅಂದ್ರು. ಇಪ್ಪತ್ಮೂರು ವರ್ಷದ ಹಳೇ ಪ್ರೋಗ್ರಾಂ, ಬರೆದ ಟೂಲ್ ಇಲ್ಲ, ಕೋಡ್ ಇಲ್ಲ, ಸೆಂಟರ್ ಇಲ್ಲ. ಆದರೂ ಬಗ್ ತಮ್ಮದು ಅಂತ ಒಪ್ಪಿಕೊಂಡರು. ಮಂಡಿಯವರು ಮಂಜಪ್ಪನಿಗೆ ಬಡ್ಡಿ ವಾಪಸ್ ಕೊಟ್ಟರಾ ಅಂತ ಆಮೇಲೆ ಕೇಳಿದರು. ಲೆಕ್ಕ ನಡೀತಿದೆ ಅಂತೆ ಅಂದೆ. “ನಡೀತಿದೆ ಅಂದ್ರೆ ಆಗಲ್ಲ, ನೀನು ಹೋಗಿ ಕೇಳು” ಅಂದ್ರು.

ಹೊರಡುವಾಗ ನ್ಯಾಮತಿಯ ಸಂಘದ ಈಗಿನ ಫೋನ್ ನಂಬರನ್ನೂ ಅವರೇ ಕೊಟ್ಟರು. ನಾನು ಕೇಳಿರಲಿಲ್ಲ.